ತಾಳ್ಯದ ಕುರಿಗಳ ಬಗ್ಗೆ ತಾಂತ್ರಿಕ ಅಭಿಪ್ರಾಯ

ಚಿತ್ರದುರ್ಗ ಜಿಲ್ಲೆಯಲ್ಲಿ ಗಣಕಯಂತ್ರದ ಮುಂದೆ ಕೂತು ದುಡಿಯುವ ಮಹಿಳೆಯರಿಗೆ ಯಾವುದೇ ತೊಂದರೆ ಇರುವುದಿಲ್ಲ. ಈ ಸಂಗತಿಯನ್ನು ಜಿಲ್ಲಾ ಕುರಿ ಅಂಕಿಅಂಶ ಕಚೇರಿಯ ಸಭೆಯು ಜೂನ್ ತಿಂಗಳ ಎರಡನೇ ಸೋಮವಾರ ಹನ್ನೊಂದು ಗಂಟೆಗೆ ಸೇರಿ, ಹನ್ನೊಂದು ಇಪ್ಪತ್ತಕ್ಕೆ ಸರ್ವಾನುಮತದಿಂದ ಪತ್ತೆ ಮಾಡಿತು. ಸಭೆಗೆ ಹದಿನಾಲ್ಕು ಮಂದಿ ಹಾಜರಿದ್ದರೆಂದು ನಡವಳಿ ಹೇಳುತ್ತದೆ. ನಡವಳಿಯನ್ನು ಟೈಪ್ ಮಾಡಿದವಳು ದೇವಿಕಾ. ಅವಳೂ ಅಲ್ಲೇ ಇದ್ದಳು. ಆದರೆ ಟೈಪ್ ಮಾಡುವವರನ್ನು ಹಾಜರಿ ಲೆಕ್ಕಕ್ಕೆ ಹಿಡಿಯುವ ಪದ್ಧತಿ ಆ ಕಚೇರಿಯಲ್ಲಿ ಇರಲಿಲ್ಲ, ಹಿಡಿಯಬೇಕೆಂದು ಯಾರೂ ಕೇಳಿರಲೂ ಇಲ್ಲ.

ಸಭೆ ಸೇರಲು ಕಾರಣ ಬೆಂಗಳೂರಿಂದ ಬಂದ ಒಂದು ಸುತ್ತೋಲೆ. ಗಣಕ ಕ್ಷೇತ್ರದಲ್ಲಿರುವ ಮಹಿಳೆಯರು ಒಬ್ಬಂಟಿಯಾಗಿ ದುಡಿಯುತ್ತಿದ್ದು, ಅವರಿಗೆ ಬೆಂಬಲವಾಗಿ ವೃತ್ತಿಪರ ವೇದಿಕೆಗಳ ಅಗತ್ಯವಿದೆಯೆಂದೂ, ಆಯಾ ಜಿಲ್ಲೆಗಳು ವರದಿ ನೀಡತಕ್ಕದ್ದೆಂದೂ ಅದರಲ್ಲಿ ಬರೆದಿತ್ತು. ಉಪ ನಿರ್ದೇಶಕರಾದ ಶಿವಕುಮಾರಪ್ಪನವರು ಅದನ್ನು ಎರಡು ಸಲ ಓದಿ ಕನ್ನಡಕ ತೆಗೆದು ಕೇಳಿದರು.

"ಏನಮ್ಮ ದೇವಿಕಾ, ನಿಂಗೇನಾದ್ರೂ ತೊಂದ್ರೆ ಐತಾ?"

ಆ ಹೊತ್ತಿಗೆ ದೇವಿಕಾ ಪ್ರೊಜೆಕ್ಟರಿನ ವೈರನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮೇಜಿನ ಕೆಳಗೆ ಇದ್ದಳು. ಬಾಯಿ ಖಾಲಿ ಇರಲಿಲ್ಲವಾದ್ದರಿಂದ ಉತ್ತರ ಬರಲಿಲ್ಲ. ತೊಂದರೆ ಇಲ್ಲವೆಂದು ದಾಖಲಾಯಿತು.

ದೇವಿಕಾ ಐಮಂಗಲದ ಪಾಲಯ್ಯನ ಮಗಳು. ಚಿಕ್ಕವಳಿದ್ದಾಗ ಸಂಜೆ ಕುರಿ ರೊಪ್ಪದ ಬಾಗಿಲಲ್ಲಿ ನಿಂತು, ಅಪ್ಪ ಒಳಗೆ ಬಿಡುತ್ತಿದ್ದ ಒಂದೊಂದೇ ಕುರಿಯನ್ನು ಎಣಿಸಿದವಳು. ಎಣಿಕೆ ಒಂದು ದಿನ ಹೆಚ್ಚುತ್ತದೆ, ಒಂದು ದಿನ ಇಳಿಯುತ್ತದೆ ಎಂಬುದು ಅವಳಿಗೆ ಆಗಲೇ ಗೊತ್ತಿತ್ತು. ಮುಂದೆ ಕಂಪ್ಯೂಟರ್ ಓದಿ, ಈ ಕಚೇರಿಗೆ ಹೊರಗುತ್ತಿಗೆಯ ಮೇಲೆ ದತ್ತಾಂಶ ನಮೂದಕಿಯಾಗಿ ಸೇರಿದಳು. ಸೇರಿದ ಮೇಲೆ ಹನ್ನೊಂದು ತಿಂಗಳು ಕೂತು, ಜಿಲ್ಲೆಯ ಪ್ರತಿ ಕುರಿಯ ಹುಟ್ಟು, ಲಸಿಕೆ, ಸಾವು ಎಲ್ಲವನ್ನೂ ದಾಖಲಿಸುವ 'ಕುರಿಸಿರಿ' ಎಂಬ ತಂತ್ರಾಂಶವನ್ನು ಒಬ್ಬಳೇ ಬರೆದಳು. ಅದನ್ನು ತೆರೆದರೆ ಮೊದಲು ಶಿವಕುಮಾರಪ್ಪನವರ ಭಾವಚಿತ್ರ ಬರುತ್ತದೆ. ಆಮೇಲೆ ಕುರಿಯದು ಬರುತ್ತದೆ.

ತೊಂದರೆ ಇಲ್ಲವೆಂಬ ನಡವಳಿಗೆ ಸಹಿ ಬಿದ್ದ ಮಧ್ಯಾಹ್ನವೇ ಉಪ ನಿರ್ದೇಶಕರು ಅವಳನ್ನು ಕರೆಸಿ, "ಒಂದು ಕಾರಣ ಕೇಳಿ ನೋಟಿಸು ಐತೆ, ಬರ್ಕಳಮ್ಮ," ಎಂದರು. ಅವರು ಹೇಳಿದಂತೆ ಅವಳು ಬರೆದುಕೊಂಡಳು:

"ಹೊಳಲ್ಕೆರೆ ತಾಲ್ಲೂಕು ಘಟಕದ ಹೊರಗುತ್ತಿಗೆ ನಮೂದಕಿ ಕುಮಾರಿ ಕಾವ್ಯಶ್ರೀ ಆದ ನೀವು, ಕಳೆದ ಶುಕ್ರವಾರ ಒಂದೇ ಮಧ್ಯಾಹ್ನದ ಅವಧಿಯಲ್ಲಿ ತಾಳ್ಯ ಹೋಬಳಿಯ ಮುನ್ನೂರ ಹದಿನೆಂಟು ಕುರಿಗಳನ್ನು ಯಾವುದೇ ಮೇಲಧಿಕಾರಿಯ ಪೂರ್ವಾನುಮತಿ ಇಲ್ಲದೆ ಇಲ್ಲವಾಗಿಸಿರುತ್ತೀರಿ. ಪ್ರತಿಯೊಂದು ಕುರಿಗೂ ಯಂತ್ರವು 'ಖಚಿತವೇ?' ಎಂದು ವಿನಯಪೂರ್ವಕವಾಗಿ ಕೇಳಿದಾಗ್ಯೂ, ಮುನ್ನೂರ ಹದಿನೆಂಟು ಬಾರಿಯೂ 'ಹೌದು' ಎಂದು ಒತ್ತಿರುತ್ತೀರಿ. ಇದರಿಂದ ಜಿಲ್ಲೆಯು ಕುರಿ ಪ್ರಗತಿಯಲ್ಲಿ ಮೊದಲನೇ ಸ್ಥಾನದಿಂದ ಎರಡನೇ ಸ್ಥಾನಕ್ಕೆ ಕುಸಿದಿರುತ್ತದೆ. ನಿಮ್ಮನ್ನು ಏಕೆ ಕೆಲಸದಿಂದ ಬಿಡುಗಡೆ ಮಾಡಬಾರದು ಎಂಬುದಕ್ಕೆ, ಮಾನ್ಯತೆ ಪಡೆದ ಗಣಕ ವೃತ್ತಿಪರ ಸಂಸ್ಥೆಯ ತಾಂತ್ರಿಕ ಅಭಿಪ್ರಾಯದೊಂದಿಗೆ ಹದಿನೈದು ದಿನಗಳೊಳಗೆ ಉತ್ತರಿಸುವುದು."

ದೇವಿಕಾ ಬರೆಯುವುದನ್ನು ನಿಲ್ಲಿಸಿದಳು. "ಸಾರ್, ಕುರಿ ನಿಜವಾಗ್ಲೂ ಸತ್ತಿದ್ವು. ನೀಲಿ ನಾಲಿಗೆ ರೋಗ ಬಂದಿತ್ತು. ಪಶುವೈದ್ಯರ ಪತ್ರ ಐತೆ."

"ಯಾರು ಇಲ್ಲ ಅಂದ್ರು?" ಎಂದರು ಶಿವಕುಮಾರಪ್ಪನವರು, ಬೇಸರವೇನೂ ಇಲ್ಲದೆ. "ಸತ್ತಿದ್ದು ತಾಳ್ಯದಾಗೆ. ಕಮ್ಮಿ ಆಗಿದ್ದು ನಮ್ಮ ಕಂಪ್ಯೂಟರ್‌ನಾಗೆ. ಮೊದಲನೇದು ದೇವರ ಇಲಾಖೆ, ಎರಡನೇದು ನಮ್ಮ ಇಲಾಖೆ. ನಾವು ನಮ್ಮ ಇಲಾಖೇಲಿ ಆಗಿದ್ದನ್ನ ಕೇಳ್ತಿದೀವಿ."

'ಖಚಿತವೇ?' ಎಂಬ ಪ್ರಶ್ನೆಯನ್ನು ಕುರಿಸಿರಿಗೆ ಹಾಕಿದವಳು ದೇವಿಕಾಳೇ. ಕೈತಪ್ಪಿ ಯಾರದೋ ಬದುಕಿರುವ ಕುರಿ ಅಳಿಸಿಹೋಗದಿರಲಿ ಎಂದು, ಒಂದು ದಿನ ಊಟದ ಹೊತ್ತಿನಲ್ಲಿ, ಡಬ್ಬಿ ಪಕ್ಕಕ್ಕಿಟ್ಟು ಬರೆದದ್ದು. ಅದೇ ಪ್ರಶ್ನೆ ಈಗ ಒಂದು ಹುಡುಗಿಯ ವಿರುದ್ಧ ಮುನ್ನೂರ ಹದಿನೆಂಟು ಸಾಕ್ಷಿಗಳಾಗಿ ನಿಂತಿತ್ತು. ನೋಟಿಸನ್ನು ಅವಳು ಟೈಪ್ ಮಾಡಿದಳು, ಪ್ರಿಂಟ್ ತೆಗೆದಳು, ಹೊಳಲ್ಕೆರೆಗೆ ಮೇಲ್ ಮಾಡಿದಳು. ಮಾಡಿ ಹೊರಗೆ ಬೇವಿನ ಮರದ ಕೆಳಗೆ ಬಂದು ಕಾವ್ಯಶ್ರೀಗೆ ಫೋನ್ ಹಚ್ಚಿದಳು.

"ಬಂತು ಅಕ್ಕ," ಎಂದಳು ಕಾವ್ಯಶ್ರೀ. ಅವಳಿಗೆ ಇಪ್ಪತ್ಮೂರು ವರ್ಷ, ಕೆಲಸಕ್ಕೆ ಸೇರಿ ಆರನೇ ತಿಂಗಳು. "ನೋಟಿಸು ಚೆನ್ನಾಗಿ ಟೈಪ್ ಮಾಡಿದೀರಿ. ಒಂದೂ ತಪ್ಪಿಲ್ಲ."

ದೇವಿಕಾ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು. ಕಾವ್ಯಶ್ರೀ ಮುಂದುವರಿಸಿದಳು.

"ಅಕ್ಕ, ಮುನ್ನೂರ ಹದಿನೆಂಟು ಸಲ ಒತ್ತಿದ್ದು ನಿಜ. ಕುರಿ ಸತ್ತೋರೆಲ್ಲ ಆಫೀಸಿಗೆ ಬಂದಿದ್ರು. ಸತ್ತ ಕುರಿಗಳ ಕಿವಿ ಓಲೆ ಬಿಚ್ಕಂಡು ಚೀಲದಾಗೆ ತಂದಿದ್ರು. ಪಾಪಣ್ಣ ಅಂತ ಒಬ್ರು, ಅವರ್ದೇ ತೊಂಬತ್ನಾಕು. ಒಂದೊಂದೇ ಓಲೆ ತೆಗ್ದು ಮೇಜಿನ ಮೇಲೆ ಇಡೋರು. ನಾನು ನಂಬರ್ ನೋಡಿ ಒತ್ತೋಳು. ನಡುವೆ ಎಲ್ಲಾದ್ರೂ ನಿಲ್ಲಿಸ್ಬೇಕಿತ್ತಾ? ಒಂದೈವತ್ತು ಆದ್ಮೇಲೆ? ನಾನೇ ಏನೋ ತಪ್ಪು ಮಾಡಿದೀನಿ ಅನ್ನಿಸ್ತೈತೆ."

"ನೀನೇನೂ ತಪ್ಪು ಮಾಡಿಲ್ಲ ಕಣೆ."

"ಅದನ್ನ ಹೇಳೋರು ಮಾನ್ಯತೆ ಪಡೆದಿರ್ಬೇಕಂತೆ ಅಕ್ಕ," ಎಂದಳು ಕಾವ್ಯಶ್ರೀ.

ಜಿಲ್ಲೆಯಲ್ಲಿ ಮಾನ್ಯತೆ ಪಡೆದ ಒಂದು ಗಣಕ ನೌಕರರ ಸಂಘ ಆಗಲೇ ಇತ್ತು. ಅದರಲ್ಲಿ ಹನ್ನೊಂದು ಸದಸ್ಯರು. ಹನ್ನೊಂದರಲ್ಲಿ ಒಂಬತ್ತು ಮಂದಿ, ನಿಷ್ಪಕ್ಷಪಾತವಾಗಿರಬೇಕೆಂಬ ಕಾರಣಕ್ಕೆ, ಗಣಕಯಂತ್ರವನ್ನು ಮುಟ್ಟುತ್ತಿರಲಿಲ್ಲ. ದೇವಿಕಾ ಹೋಗಿ ಕೇಳಿದಾಗ, ಅಭಿಪ್ರಾಯವನ್ನು ಸದಸ್ಯರಿಗೆ ಮಾತ್ರ ಕೊಡಲಾಗುವುದೆಂದೂ, ಸದಸ್ಯತ್ವವು ಕಾಯಂ ನೌಕರರಿಗೆ ಮಾತ್ರವೆಂದೂ, ಹೆಣ್ಣುಮಕ್ಕಳೆಲ್ಲ ಹೊರಗುತ್ತಿಗೆಯವರಾದ್ದರಿಂದ ಈ ನಿಯಮ ಯಾರಿಗೂ ತಾರತಮ್ಯ ಮಾಡುವುದಿಲ್ಲವೆಂದೂ ತಿಳಿಸಿ, ಕಾಫಿ ಕೊಟ್ಟು ಕಳಿಸಿದರು.

ಆ ಭಾನುವಾರ ದೇವಿಕಾ ಬಸ್ಸು ಹತ್ತಿ ಬಾಗೂರಿಗೆ ಹೋದಳು. ಅಲ್ಲಿ ಏಕನಾಥಮ್ಮನ ಮನೆ. ಹೊಸದುರ್ಗ ಘಟಕದ ಏಕನಾಥಮ್ಮ ಟೈಪ್‌ರೈಟರ್ ಕಾಲದಿಂದ ಇದ್ದವಳು, ಇಪ್ಪತ್ತೆಂಟು ವರ್ಷದಿಂದ ತಾತ್ಕಾಲಿಕ. ಹಿರಿಯೂರಿನ ಘಟಕದಿಂದ ಬಿಂದು ಬಂದಿದ್ದಳು. ಹೊಳಲ್ಕೆರೆಯಿಂದ ಕಾವ್ಯಶ್ರೀ, ನೋಟಿಸನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು. ಏಕನಾಥಮ್ಮ ಎಲ್ಲರ ಮುಂದೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಸುರಿದು, "ಮೊದ್ಲು ತಿನ್ರಿ, ಆಮೇಲೆ ಅಳಾಣ," ಎಂದಳು.

ನಾಲ್ಕು ಜನ ಒಟ್ಟಿಗೆ ಕೂತದ್ದು ಅದೇ ಮೊದಲು. ಮಾತಿಗೆ ಮಾತು ಬಂದು ಒಂದು ಸಂಗತಿ ಹೊರಬಿತ್ತು. ಸರ್ವರ್ ನಿಂತಾಗ ಬಿಂದು ಫೋನ್ ಮಾಡುತ್ತಿದ್ದದ್ದು ದೇವಿಕಾಗೆ. ದೇವಿಕಾಗೆ ಕಡತದ ಭಾಷೆ ತಿಳಿಯದಿದ್ದಾಗ ಕೇಳುತ್ತಿದ್ದದ್ದು ಏಕನಾಥಮ್ಮನನ್ನು. ಏಕನಾಥಮ್ಮನಿಗೆ ಪಾಸ್‌ವರ್ಡ್ ಮರೆತರೆ ಕಾವ್ಯಶ್ರೀ. ಪ್ರತಿಯೊಬ್ಬಳೂ ತಾನೊಬ್ಬಳೇ ದಡ್ಡಿ, ತಾನೊಬ್ಬಳೇ ಇನ್ನೊಬ್ಬರಿಗೆ ತೊಂದರೆ ಕೊಡುತ್ತಿದ್ದೇನೆ ಎಂದುಕೊಂಡು, ಇದನ್ನು ಯಾರಿಗೂ ಹೇಳದೆ ವರ್ಷಗಟ್ಟಲೆ ನಡೆಸಿಕೊಂಡು ಬಂದಿದ್ದಳು.

"ಇದಕ್ಕೇ ಸಂಘ ಅನ್ನೋದು," ಎಂದಳು ಏಕನಾಥಮ್ಮ. "ಹೆಸರಿಟ್ಟಿಲ್ಲ ಅಷ್ಟೆ. ಅರ್ಜಿ ಹಾಕಾಣ. ನಮ್ಮ ಸಂಘಾನೇ ಬರೆದು ಕೊಡ್ಲಿ, ಈ ಹುಡುಗಿ ಕುರಿ ಕೊಂದಿಲ್ಲ ಅಂತ."

ಸೋಮವಾರ ಬೆಳಿಗ್ಗೆ ದೇವಿಕಾ 'ಚಿತ್ರದುರ್ಗ ಜಿಲ್ಲಾ ಮಹಿಳಾ ಗಣಕ ವೃತ್ತಿಪರರ ಬೆಂಬಲ ವೇದಿಕೆ'ಗೆ ಮಾನ್ಯತೆ ಕೋರಿ ಅರ್ಜಿ ಹಿಡಿದು ಕಚೇರಿ ಸೂಪರಿಂಟೆಂಡೆಂಟ್ ಮಾರುತೇಶ್ ಅವರ ಮುಂದೆ ನಿಂತಳು. ಮಾರುತೇಶ್ ಒಳ್ಳೆಯ ಮನುಷ್ಯ. ಇಡೀ ಕಚೇರಿಯಲ್ಲಿ ನಿಯಮಾವಳಿಯನ್ನು ಪ್ರೀತಿಯಿಂದ ಓದಿದವರು ಅವರೊಬ್ಬರೇ.

"ಕುಂತ್ಕಳಮ್ಮ," ಎಂದರು. "ವೇದಿಕೆ ಮಾಡ್ಬೋದು, ಧಾರಾಳವಾಗಿ ಮಾಡ್ಬೋದು. ಆದ್ರೆ ತೊಂದ್ರೆ ಇದ್ರೆ ತಾನೇ ಬೆಂಬಲ? ತೊಂದ್ರೆ ಇಲ್ಲ ಅಂತ ಹೋದ ಸೋಮವಾರದ ನಡವಳಿ ಐತೆ. ನೀನೇ ಟೈಪ್ ಮಾಡಿದೀಯ."

"ಅದಾದ್ಮೇಲೆ ತೊಂದ್ರೆ ಬಂದೈತೆ ಸಾರ್."

"ಹಂಗಾದ್ರೆ ಅನುಬಂಧ ಮೂರು ನೋಡಾಣ." ಅವರು ಪುಸ್ತಕ ತೆಗೆದರು. "ಮಹಿಳೆಯರಿಗೆ ಸಂಬಂಧಿಸಿದಂತೆ ಮಾನ್ಯ ಮಾಡಲಾದ ತೊಂದರೆಗಳು. ಒಂದು, ಕುರ್ಚಿಯ ಎತ್ತರ. ಎರಡು, ಮೌಸ್ ಪತ್ತೆಯಾಗದಿರುವುದು. ಮೂರು, ಕಿಟಕಿಯಿಂದ ಬೀಳುವ ಬಿಸಿಲು. ನಿಮ್ದು ಯಾವುದು?"

"ನೋಟಿಸು ಸಾರ್."

"ನೋಟಿಸು ತೊಂದ್ರೆ ಅಲ್ಲಮ್ಮ, ಸೌಲಭ್ಯ. ಉತ್ತರ ಕೊಡಾಕೆ ಅವಕಾಶ ಮಾಡಿಕೊಟ್ಟಿರ್ತೀವಿ."

ದೇವಿಕಾ ಮೂರನೆಯದಕ್ಕೆ ಗುರುತು ಹಾಕಿದಳು. ಕಾವ್ಯಶ್ರೀಯ ಕೆಲಸ ಉಳಿಸುವ ಅರ್ಜಿ ಹೀಗೆ ಕಿಟಕಿಯ ಬಿಸಿಲಿನ ಬಾಬ್ತು ದಾಖಲಾಗಿ, ಸ್ವೀಕೃತಿ ಪತ್ರವೂ ಸಿಕ್ಕಿತು. ತೀರ್ಮಾನಕ್ಕೆ ತೊಂಬತ್ತು ದಿನ ಕಾಲಾವಕಾಶವೆಂದು ಅದರ ಕೆಳಗೆ ಅಚ್ಚಾಗಿತ್ತು. ಕಾವ್ಯಶ್ರೀಗೆ ಉಳಿದಿದ್ದದ್ದು ಎಂಟು ದಿನ.

ಆ ದಿನವೂ ಮರುದಿನವೂ ದೇವಿಕಾ ಕೆಲಸದ ನಡುವೆ ಆ ಅರ್ಜಿ ಯಾವ ಮೇಜಿನ ಮೇಲಿದೆಯೆಂದು ನೋಡಿ ಬರುತ್ತಿದ್ದಳು. ಅದು ಅಲ್ಲೇ ಇರುತ್ತಿತ್ತು. ಮೂರನೇ ದಿನ, ಬುಧವಾರ, ಬೆಂಗಳೂರಿನ ಎರಡನೇ ಸುತ್ತೋಲೆ ಬಂತು. ಮಹಿಳಾ ಗಣಕ ವೇದಿಕೆ ರಚಿಸದಿರುವ ಜಿಲ್ಲೆಗಳ ಮುಖ್ಯಸ್ಥರು ಅದಕ್ಕೆ ಖುದ್ದು ಹಾಜರಾಗಿ ವಿವರಣೆ ನೀಡತಕ್ಕದ್ದೆಂದು ಬರೆದಿತ್ತು. ಶಿವಕುಮಾರಪ್ಪನವರು ಅದನ್ನು ಒಂದೇ ಸಲ ಓದಿದರು. ಹತ್ತು ನಿಮಿಷದಲ್ಲಿ ಅರ್ಜಿ ಅವರ ಮೇಜಿಗೆ ಬಂತು.

"ಹೆಸರು ಚೆನ್ನಾಗೈತೆ," ಎಂದರು ಅವರು. "ಸೋಮವಾರವೇ ಉದ್ಘಾಟನೆ ಇಟ್ಕಳ್ಳಾಣ. ಮಾರುತೇಶ್, ಸದಸ್ಯರು ಯಾರ‍್ಯಾರು ಆಗ್ಬೋದು ನೋಡ್ರಿ."

ಮಾರುತೇಶ್ ನೋಡಿದರು. 'ಗಣಕ ವೃತ್ತಿಪರರು ಎಂದರೆ ಕಾಯಂ ಹುದ್ದೆಯಲ್ಲಿದ್ದು, ಹತ್ತು ವರ್ಷಕ್ಕೆ ಕಡಿಮೆ ಇಲ್ಲದಂತೆ ಗಣಕಯಂತ್ರದ ಉಸ್ತುವಾರಿ ಹೊಂದಿದವರು' ಎಂದು ನಿಯಮ ಹೇಳುತ್ತಿತ್ತು. ಕಚೇರಿಯ ಮೊದಲ ಕಂಪ್ಯೂಟರ್ ಹದಿನಾಲ್ಕು ವರ್ಷ ಶಿವಕುಮಾರಪ್ಪನವರ ಕೋಣೆಯಲ್ಲಿ ಹೂವಿನ ಕಸೂತಿಯ ಬಟ್ಟೆ ಹೊದ್ದುಕೊಂಡು, ಅವರ ಉಸ್ತುವಾರಿಯಲ್ಲಿ, ಧೂಳು ತಾಗದಂತೆ ಇತ್ತು. ಆದ್ದರಿಂದ ಅವರು ವೃತ್ತಿಪರರು. ಅದೇ ರೀತಿ ಇನ್ನೂ ಐದು ಮಂದಿ ಅಧಿಕಾರಿಗಳು ವೃತ್ತಿಪರರೆಂದು ತೇಲಿದರು. ದೇವಿಕಾ, ಏಕನಾಥಮ್ಮ, ಬಿಂದು, ಕಾವ್ಯಶ್ರೀ ಯಾರೂ ತೇಲಲಿಲ್ಲ.

"ಸಮಸ್ಯೆ ಏನಂದ್ರೆ ಸಾರ್," ಎಂದರು ಮಾರುತೇಶ್, "ಮಹಿಳೆಯರು ಅವ್ರೆ, ವೃತ್ತಿಪರರಲ್ಲ. ವೃತ್ತಿಪರರು ಅವ್ರೆ, ಮಹಿಳೆಯರಲ್ಲ."

ಅವರು ಪುಸ್ತಕದ ಹಾಳೆಗಳನ್ನು ಹಿಂದಕ್ಕೂ ಮುಂದಕ್ಕೂ ತಿರುವಿದರು. ಆಮೇಲೆ ಮಾರುತೇಶ್ ಅವರ ಮುಖ ಮೆಲ್ಲಗೆ ಅರಳಿತು. "ಪಡಿತರ ಚೀಟಿಯಾಗೆ ಕುಟುಂಬಾನ ಒಂದೇ ಘಟಕ ಅಂತ ಹಿಡೀತಾರಲ್ಲ ಸಾರ್. ಹಂಗೇ ಗಂಡ ಹೆಂಡ್ತಿನ ಒಂದು ಘಟಕ ಅಂತ ಹಿಡಿದ್ರೆ, ಹೆಂಡ್ತಿಯಿಂದ ಮಹಿಳೆ ಆತು, ಗಂಡನಿಂದ ಗಣಕ ಆತು. ಎರಡೂ ಸೇರಿ ಒಬ್ರು ಮಹಿಳಾ ಗಣಕ ವೃತ್ತಿಪರರು."

ಶಿವಕುಮಾರಪ್ಪನವರು ಎದ್ದು ನಿಂತು ಅವರ ಕೈ ಕುಲುಕಿದರು.

"ಸಾರ್," ಎಂದಳು ಬಾಗಿಲ ಬಳಿ ನಿಂತಿದ್ದ ದೇವಿಕಾ, "ನಾನು ಮಹಿಳೆ. ಕಂಪ್ಯೂಟರ್ ಕೆಲಸಾನೂ ನಾನೇ ಮಾಡ್ತೀನಿ. ಎರಡೂ ಒಂದೇ ಕಡೆ ಅವೆ."

"ಅದೇ ತೊಡಕು ಕಣಮ್ಮ," ಎಂದರು ಮಾರುತೇಶ್, ನಿಜವಾದ ಕನಿಕರದಿಂದ. "ಎರಡು ಹೊಣೆ ಒಬ್ಬರ ಮೇಲೆ ಹಾಕಂಗಿಲ್ಲ. ಮಹಿಳೆಯರಿಗೆ ಹೊರೆ ಆಗ್ತೈತೆ ಅಂತಾನೇ ಸುತ್ತೋಲೆ ಬಂದಿರೋದು."

ಹೀಗೆ ಆರು ದಂಪತಿ ಘಟಕಗಳ ವೇದಿಕೆ ಸಿದ್ಧವಾಯಿತು. ಶಿವಕುಮಾರಪ್ಪನವರ ಪತ್ನಿ ಮಹಾದೇವಮ್ಮನವರು ಅಧ್ಯಕ್ಷೆ. ತೊಂಬತ್ತು ದಿನ ಹಿಡಿಯಬೇಕಿದ್ದ ಮಾನ್ಯತೆ ಶುಕ್ರವಾರ ಸಂಜೆಯೇ ಬಂತು.

ಉದ್ಘಾಟನೆಗೆ ನಾಲ್ಕು ತಾಲ್ಲೂಕುಗಳ ನಮೂದಕಿಯರನ್ನು ಕಡ್ಡಾಯವಾಗಿ ಕರೆಸಿಕೊಂಡು ಕೆಲಸ ಹಂಚಲಾಯಿತು. ಬಿಂದುವಿಗೆ ರಂಗೋಲಿ. ಏಕನಾಥಮ್ಮನಿಗೆ ಬಾಗಿಲಲ್ಲಿ ಪನ್ನೀರು. ಕಾವ್ಯಶ್ರೀ ನೋಟಿಸಿನಡಿ ಇದ್ದುದರಿಂದ ಗಣಕಯಂತ್ರವನ್ನು ಮುಟ್ಟುವಂತಿರಲಿಲ್ಲ. ಅವಳಿಗೆ ಪ್ರಾರ್ಥನೆ. ದೇವಿಕಾಗೆ ಪರದೆಯ ಹಿಂದೆ ಒಂದು ಲ್ಯಾಪ್‌ಟಾಪ್. ಮುಖ್ಯ ಅತಿಥಿಗಳು ವೇದಿಕೆಯ ಮೇಲೆ, ಯಾವುದಕ್ಕೂ ಜೋಡಿಸಿರದ ಕೆಂಪು ಗುಂಡಿಯೊಂದನ್ನು ಒತ್ತಿದ ಕೂಡಲೇ ಅವಳು ಹಿಂದೆ ಜಾಲತಾಣವನ್ನು ತೆರೆಯಬೇಕಿತ್ತು. ಅತಿಥಿಗಳು ಒತ್ತಿದರು, ಅವಳು ತೆರೆದಳು. ಮಹಿಳೆಯರ ತಾಂತ್ರಿಕ ಸಾಮರ್ಥ್ಯದ ಬಗ್ಗೆ ಚಪ್ಪಾಳೆ ಬಿತ್ತು.

"ಹೆಣ್ಣು ಅಂದ್ರೆ ಮನೆಯ ಸರ್ವರ್ ಇದ್ದಂಗೆ," ಎಂದು ಶಿವಕುಮಾರಪ್ಪನವರು ಭಾಷಣ ಮಾಡಿದರು. "ಅವಳು ಡೌನ್ ಆದ್ರೆ ಇಡೀ ಮನೆ ಡೌನ್."

ಮಹಾದೇವಮ್ಮನವರು ಗಂಡ ಬರೆದುಕೊಟ್ಟ ಹಾಳೆಯನ್ನು ಓದಿದರು. ಗಣಕ ಕ್ಷೇತ್ರದಲ್ಲಿ ತಮಗೆ ತಮ್ಮ ಪತಿಯ ಹದಿನಾಲ್ಕು ವರ್ಷಗಳ ಅನುಭವವಿದೆಯೆಂದು ಅದರಲ್ಲಿತ್ತು. ಆ ಸಾಲು ಬಂದಾಗ ಅವರು ಕ್ಷಣ ನಿಂತು, ಹಾಳೆಯನ್ನು ತಿರುಗಿಸಿ ನೋಡಿ, ಬೇರೆ ಏನೂ ಇಲ್ಲದ್ದರಿಂದ ಅದನ್ನೇ ಓದಿ ಮುಗಿಸಿದರು.

ಕಾರ್ಯಕ್ರಮ ಮುಗಿದು ಜನ ಊಟಕ್ಕೆ ಹೋದ ಮೇಲೆ, ದೇವಿಕಾ ವೈರು ಸುತ್ತುತ್ತಿದ್ದಾಗ ಪರದೆ ಸರಿಯಿತು. ಕೊರಳಿನ ಹಾರ ಕೈಯಲ್ಲಿ ಹಿಡಿದು ಮಹಾದೇವಮ್ಮನವರು ಒಳಗೆ ಬಂದರು.

"ನೀನೇ ಅಲ್ವೇನವ್ವ ಹಿಂದೆ ಕುಂತು ಎಲ್ಲ ಮಾಡಿದ್ದು? ನನ್ನ ಅಧ್ಯಕ್ಷೆ ಮಾಡಿದಾರೆ. ಈಗ ನಾನೇನು ಮಾಡ್ಬೇಕು ಅಂತ ಯಾರೂ ಹೇಳ್ತಿಲ್ಲ. ಯಜಮಾನ್ರನ್ನ ಕೇಳಿದ್ರೆ ಊಟ ಮಾಡು ಅಂತಾರೆ."

ದೇವಿಕಾ ವೈರು ಕೆಳಗಿಟ್ಟಳು. ಬಾಗೂರಿನಲ್ಲಿ ನಾಲ್ಕು ಜನ ಸೇರಿ ಬರೆದ ಅಭಿಪ್ರಾಯದ ಹಾಳೆ ಅವಳ ಬ್ಯಾಗಿನಲ್ಲಿ ವಾರದಿಂದ ಇತ್ತು. ನೋಟಿಸಿನ ಗಡುವಿಗೆ ಒಂದೇ ದಿನ ಉಳಿದಿತ್ತು. ಇವರು ಇದನ್ನು ಗಂಡನಿಗೆ ತೋರಿಸಿದರೆ ಕಾವ್ಯಶ್ರೀಯದರ ಜೊತೆಗೆ ತನ್ನ ಕೆಲಸವೂ ಹೋಗುತ್ತದೆಂದು ಗೊತ್ತಿದ್ದೂ ತೆಗೆದು ಕೊಟ್ಟಳು. "ಇದಕ್ಕೆ ವೇದಿಕೆಯಿಂದ ಸಹಿ ಬೇಕಿತ್ತು ಮೇಡಂ. ಓದಿ ನೋಡ್ರಿ. ಸರಿ ಅನ್ನಿಸಿದ್ರೆ ಮಾತ್ರ."

ಮಹಾದೇವಮ್ಮನವರು ಕುರ್ಚಿ ಎಳೆದು ಕೂತು ನಿಧಾನವಾಗಿ ಓದಿದರು. ಮೊದಲ ಸಾಲಿನಲ್ಲಿ, 'ಕುರಿಯ ಮರಣವನ್ನು ಗಣಕಯಂತ್ರದಲ್ಲಿ ನಮೂದಿಸುವುದರಿಂದ ಕುರಿಯು ಮರಣ ಹೊಂದುವುದಿಲ್ಲವೆಂದು ಈ ಮೂಲಕ ತಾಂತ್ರಿಕವಾಗಿ ದೃಢೀಕರಿಸಲಾಗಿದೆ' ಎಂದಿತ್ತು.

"ಅಂದ್ರೆ, ಬರೆದಿದ್ದಕ್ಕೆ ಸತ್ವಾ, ಸತ್ತಿದ್ದಕ್ಕೆ ಬರೆದ್ರಾ?"

"ಸತ್ತಿದ್ದಕ್ಕೆ ಬರೆದಿದ್ದು ಮೇಡಂ."

"ಇಷ್ಟು ಹೇಳಾಕೆ ಒಂದು ವೇದಿಕೆ ಬೇಕಾತೇನವ್ವ?"

"ಬೇಕಾತು ಮೇಡಂ."

"ಕಂಪ್ಯೂಟರ್‌ನಾಗೆ ಬರೆದ ಹುಡುಗಿ ಯಾರು?"

"ಬೆಳಿಗ್ಗೆ ಪ್ರಾರ್ಥನೆ ಹಾಡಿದ್ಲಲ್ಲ, ಅವಳೇ."

ಮಹಾದೇವಮ್ಮನವರು ಹಾಳೆಯಿಂದ ತಲೆ ಎತ್ತಿದರು. "ಆ ಹುಡುಗಿನಾ? ಹಾಡೋವಾಗ ಒಂದೇ ಸಾಲನ್ನ ಮೂರು ಸಲ ಹೇಳ್ತು. ನಾನು ಜನ ನೋಡಿ ಹೆದರ್ಕಂಡೈತೆ ಅನ್ಕಂಡೆ." ಅವರು ದೇವಿಕಾಳ ಪೆನ್ನು ಇಸಿದುಕೊಂಡು ಸಹಿ ಹಾಕಿದರು. ಬೆಳಿಗ್ಗೆಯಷ್ಟೇ ತಟ್ಟೆಯಲ್ಲಿಟ್ಟು ಕೊಟ್ಟಿದ್ದ ವೇದಿಕೆಯ ಮೊಹರನ್ನು ಹುಡುಕಿ, ಎರಡು ಸಲ ಒತ್ತಿದರು. ಒಂದು ಸಲ ಒತ್ತಿದ್ದು ಸರಿಯಾಗಿ ಮೂಡಿರಲಿಲ್ಲ.

ಮರುದಿನ ಆ ಅಭಿಪ್ರಾಯ, ಕಾವ್ಯಶ್ರೀಯ ಉತ್ತರದ ಜೊತೆ ಉಪ ನಿರ್ದೇಶಕರ ಮೇಜಿಗೆ ಹೋಯಿತು. ಶಿವಕುಮಾರಪ್ಪನವರು ಸಹಿಯನ್ನು ಬೆಳಕಿಗೆ ಹಿಡಿದು, "ಇದನ್ನ ಎಲ್ಲೋ ನೋಡಿದೀನಿ," ಎಂದರು. ಆಮೇಲೆ ಫೋನ್ ಎತ್ತಿದರು. ಕಡತದಲ್ಲಿ 'ವೇದಿಕೆಯ ಅಧ್ಯಕ್ಷರೊಂದಿಗೆ ದೂರವಾಣಿಯಲ್ಲಿ ವಿಸ್ತೃತವಾಗಿ ಚರ್ಚಿಸಲಾಯಿತು' ಎಂದಿದೆ. ಹೊರಗೆ ಕೂತಿದ್ದ ದೇವಿಕಾಗೆ ಕೇಳಿಸಿದ್ದು ಈ ಕಡೆಯ ಮಾತು ಮಾತ್ರ: "ಹೂಂ... ಹೂಂ... ಅದು ಹಂಗಲ್ಲ ಕಣೆ... ಹೂಂ... ಆತು... ಆತು ಅಂದ್ನಲ್ಲ."

ನೋಟಿಸು ವಾಪಸಾಯಿತು. ಕುರಿಗಳು ರೋಗದಿಂದಲೇ ಸತ್ತಿರುವುದನ್ನು ಕಚೇರಿ ಒಪ್ಪಿಕೊಂಡಿತು. ಆದರೆ ಜಿಲ್ಲೆಯ ಸಂಖ್ಯೆ ಇಳಿಯುವಂತಿರಲಿಲ್ಲವಾದ್ದರಿಂದ ಮಾರುತೇಶ್ ಅವರ ಸಲಹೆ ಕೇಳಲಾಯಿತು. ಅವರು ಪುಸ್ತಕ ತೆಗೆಯದೆಯೇ ಹೇಳಿದರು.

"ಕಚೇರಿಯಾಗೆ ಇಲ್ದೇ ಇದ್ರೂ ಸಂಖ್ಯೆಯಾಗೆ ಇರೋರು ಯಾರು ಸಾರ್? ರಜೆ ಮೇಲೆ ಹೋದೋರು. ಈ ಕುರಿಗಳ್ನೂ ಆರು ತಿಂಗ್ಳು ರಜೆ ಮೇಲೆ ತೋರ್ಸಾಣ."

ತಾಳ್ಯದ ಮುನ್ನೂರ ಹದಿನೆಂಟು ಕುರಿಗಳಿಗೆ ಜುಲೈ ಒಂದರಿಂದ ಆರು ತಿಂಗಳ ರಜೆ ಮಂಜೂರಾಯಿತು. ಜಿಲ್ಲೆ ಮೊದಲನೇ ಸ್ಥಾನಕ್ಕೆ ಮರಳಿತು. ಕುರಿಸಿರಿಯಲ್ಲಿ ರಜೆಯ ಕಾಲಂ ಸೇರಿಸುವ ಕೆಲಸ ದೇವಿಕಾಳದು. ಒಂದು ಮಧ್ಯಾಹ್ನ ಕೂತು ಸೇರಿಸಿದಳು. ಸೇರಿಸುವಾಗಲೇ, ಯಾರ ಆದೇಶವೂ ಇಲ್ಲದೆ, 'ಖಚಿತವೇ?' ಎಂಬ ಪ್ರಶ್ನೆಯನ್ನು ತೆಗೆದುಹಾಕಿದಳು. ಕಚೇರಿಯಲ್ಲಿ ಅದು ಯಾರ ಗಮನಕ್ಕೂ ಬರಲಿಲ್ಲ. ಆ ಸಂಜೆ ಕಾವ್ಯಶ್ರೀ ಫೋನ್ ಮಾಡಿ, ಕೆಲಸ ಇನ್ನೊಂದು ವರ್ಷಕ್ಕೆ ಮುಂದುವರಿದಿದೆಯೆಂದು ಹೇಳಿ, ಹೇಳುತ್ತಾ ಹೇಳುತ್ತಾ ಅತ್ತಳು. ದೇವಿಕಾ ಬಸ್ಸಿನಲ್ಲಿ ನಿಂತಿದ್ದಳು. ಅವಳಿಗೆ ಅಳಲು ಜಾಗವಿರಲಿಲ್ಲ.

ವೇದಿಕೆಯ ಸುದ್ದಿ ಬೇರೆ ಬೇರೆ ಇಲಾಖೆಗಳಿಗೂ ಹಬ್ಬಿತು. ಅಲ್ಲಿನ ನಮೂದಕಿಯರು ಶನಿವಾರ ಮಹಾದೇವಮ್ಮನವರ ಮನೆಗೆ ಹಾಳೆಗಳನ್ನು ಹಿಡಿದು ಬರತೊಡಗಿದರು. ಕರೆಂಟು ಹೋದಾಗ ಪರದೆ ಕಪ್ಪಾಗುವುದು ನಮೂದಕಿಯ ವರ್ತನೆಯಿಂದಲ್ಲ. ಮುದ್ರಣಯಂತ್ರಕ್ಕೆ ಹಾಳೆ ಹಾಕದಿದ್ದರೆ ಹಾಳೆ ಬರುವುದಿಲ್ಲ. ಹೆರಿಗೆ ರಜೆಯಲ್ಲಿದ್ದವಳು ಆ ಅವಧಿಯಲ್ಲಿ ಹಾಜರಿರಲು ತಾಂತ್ರಿಕವಾಗಿ ಸಾಧ್ಯವಿಲ್ಲ. ಮಹಾದೇವಮ್ಮನವರು ಪ್ರತಿಯೊಂದನ್ನೂ ಓದಿ, ಎರಡು ಪ್ರಶ್ನೆ ಕೇಳಿ, ಸಹಿ ಹಾಕುತ್ತಿದ್ದರು. ಶಿವಕುಮಾರಪ್ಪನವರು ಆ ದಿನ ಕಾಫಿಗೆ ಕಾಯುವುದನ್ನು ಅಭ್ಯಾಸ ಮಾಡಿಕೊಂಡರು.

ನಾಲ್ವರು ಹೆಣ್ಣುಮಕ್ಕಳು ಸದಸ್ಯತ್ವಕ್ಕೆ ಮತ್ತೊಮ್ಮೆ ಅರ್ಜಿ ಹಾಕಿದರು. ಗಂಡನ ಕಡೆಯಿಂದ ಗಣಕ ಇಲ್ಲದೆ ಘಟಕ ಅಪೂರ್ಣವಾಗಿರುವುದರಿಂದ ಅರ್ಜಿ ತಿರಸ್ಕೃತವಾಗಿ, ಅವರನ್ನು ವೇದಿಕೆಯ ವಿಶೇಷ ಆಹ್ವಾನಿತರೆಂದು ಘೋಷಿಸಲಾಯಿತು. ಅಭಿಪ್ರಾಯಗಳನ್ನು ಬರೆಯುವುದು ಆಹ್ವಾನಿತರ ಕೆಲಸ. ಬೆಂಗಳೂರಿಂದ ಮೆಚ್ಚುಗೆ ಪತ್ರ ಬಂತು. ಉಳಿದ ಜಿಲ್ಲೆಗಳೂ ದಂಪತಿ ಮಾದರಿಯನ್ನೇ ಅನುಸರಿಸಬೇಕೆಂದು ಅದರಲ್ಲಿ ಸೂಚಿಸಲಾಗಿತ್ತು.

ಡಿಸೆಂಬರ್ ಕೊನೆಯ ವಾರ ದೇವಿಕಾ ಹೊಳಲ್ಕೆರೆ ಘಟಕಕ್ಕೆ ಹೋಗಿದ್ದಳು. ಅವಳೂ ಕಾವ್ಯಶ್ರೀಯೂ ಚಹಾ ಕುಡಿಯುತ್ತಿದ್ದಾಗ, ಕಂಬಳಿ ಹೆಗಲ ಮೇಲೆ ಹಾಕಿಕೊಂಡ ಒಬ್ಬ ಹಿರಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ.

"ಇವ್ರೇ ಅಕ್ಕ, ಪಾಪಣ್ಣ," ಎಂದಳು ಕಾವ್ಯಶ್ರೀ. "ಬರ್ರಿ ಪಾಪಣ್ಣ, ಕುಂತ್ಕಳ್ರಿ."

ಪಾಪಣ್ಣ ಕೂರದೆ ಮೊಬೈಲ್ ಮುಂದೆ ಹಿಡಿದ. "ಇದೇನೋ ಬಂದೈತೆ, ಓದಮ್ಮ."

ಕಾವ್ಯಶ್ರೀ ಓದಿದಳು. "ಮಾನ್ಯರೇ, ನಿಮ್ಮ ತೊಂಬತ್ತನಾಲ್ಕು ಕುರಿಗಳ ರಜೆಯು ಈ ತಿಂಗಳ ಮೂವತ್ತೊಂದಕ್ಕೆ ಮುಗಿಯಲಿದ್ದು, ಒಂದನೇ ತಾರೀಖು ಲಸಿಕೆಗೆ ಹಾಜರುಪಡಿಸುವುದು."

ಓದಿ ಮುಗಿಸಿ ಅವಳು ದೇವಿಕಾಳ ಮುಖ ನೋಡಿದಳು. ಆ ಸಂದೇಶ ಕಳಿಸಿದ್ದು ದೇವಿಕಾ ಬರೆದ ತಂತ್ರಾಂಶವೇ. ಪಾಪಣ್ಣ ಮೊಬೈಲ್ ವಾಪಸು ತೆಗೆದುಕೊಂಡ.

"ಒಂದನೇ ತಾರೀಖಿಗೆ ಆಗಕಿಲ್ಲಮ್ಮ. ರೊಪ್ಪದ ಬೇಲಿ ಬಿದ್ದೋಗೈತೆ. ಮೇವೂ ಇಲ್ಲ. ಇನ್ನೊಂದಾರು ತಿಂಗ್ಳು ರಜೆ ಮುಂದಕ್ಕೆ ಹಾಕಾಕೆ ಬರ್ತೈತಾ?"

"ಬರ್ತೈತೆ," ಎಂದಳು ಕಾವ್ಯಶ್ರೀ. "ವೇದಿಕೆಯಿಂದ ಒಂದು ಅಭಿಪ್ರಾಯ ಬೇಕು. ಅದನ್ನ ನಾವೇ ಬರೆದು ಸಹಿ ಹಾಕಿಸ್ತೀವಿ. ಕಾರಣ ಏನು ಅಂತ ಬರೀಲಿ?"

ಪಾಪಣ್ಣ ಕಿಟಕಿಯ ಹೊರಗೆ ನೋಡಿ ಯೋಚಿಸಿದ. "ಮೈಗೆ ಹುಷಾರಿಲ್ಲ ಅಂತ ಬರಿಯಮ್ಮ."

ಅವಳು ಹಾಗೆಯೇ ಬರೆದಳು. ಪಾಪಣ್ಣ ಹೆಬ್ಬೆಟ್ಟು ಒತ್ತಿ, ಸ್ವೀಕೃತಿ ಪತ್ರವನ್ನು ಮಡಿಸಿ ಅಂಗಿಯ ಜೇಬಿಗಿಟ್ಟುಕೊಂಡು ಚಪ್ಪಲಿ ಮೆಟ್ಟಿದ. ಹೊಸ್ತಿಲ ಆಚೆ ಕಾಲಿಟ್ಟವನು ನಿಂತ.

"ಅದ್ರಾಗೆ ಒಂದು ಕೊಂಬು ಮುರಿದ ಟಗರು ಇತ್ತು ಕಣಮ್ಮ. ಅದೊಂದು ಬೇಕಾರೆ ರಜೆ ಮುಗಿಯಾಕೆ ಮುಂಚೇನೆ ಬರ್ಲಿ. ನಂದೇನೂ ಅಭ್ಯಂತರ ಇಲ್ಲ ಅಂತ ಬರ್ಕಂಡಿರು."

ಕಾವ್ಯಶ್ರೀ ಕೀಲಿಮಣೆಯ ಮೇಲೆ ಕೈಯಿಟ್ಟು ಕೇಳಿದಳು. "ಎಲ್ಲಿ ಬರೀಲಿ ಅಕ್ಕ?"

"ಷರಾ ಕಾಲಂನಾಗೆ," ಎಂದಳು ದೇವಿಕಾ.